ಮೋಲ್ಡ್ ಬೀಳದ ಮನೆ

ನಮ್ಮ ಕಡೆ ಮನೆ ಕಟ್ಟಿಸುವವರು ಸಿಕ್ಕಿದರೆ ಜನ ಮೊದಲು ಕೇಳುವುದು "ಮೋಲ್ಡ್ ಆಯ್ತಾ" ಎಂದು. ಗೋಡೆಗಳ ಮೇಲೆ ಕಬ್ಬಿಣ ಹೆಣೆದು, ಕಾಂಕ್ರೀಟು ಸುರಿದು ತಾರಸಿ ಹಾಕುವುದಕ್ಕೆ ತಿಪಟೂರಿನಿಂದ ತುರುವೇಕೆರೆಯವರೆಗೆ ಎಲ್ಲರೂ ಹೇಳುವುದು ಹಾಗೆಯೇ. ಮೋಲ್ಡ್ ಆದರೆ ಮನೆ ಆದಂತೆ, ಆಗದಿದ್ದರೆ ಬರೀ ಗೋಡೆ. ಮದುವೆಯಾದ ಮೊದಲ ವರ್ಷಗಳಲ್ಲಿ ಈ ಪ್ರಶ್ನೆ ಕೇಳಿಸಿಕೊಂಡು ನನಗೆ ಎಷ್ಟು ಸಾಕಾಗಿತ್ತೆಂದರೆ, ನೆಂಟರು ಬಸ್ಸಿನಿಂದ ಇಳಿಯುವುದು ಕಂಡರೆ ಸಾಕು, ಹುಲ್ಲು ತರುವ ನೆಪ ಮಾಡಿಕೊಂಡು ತೋಟಕ್ಕೆ ನಡೆದುಬಿಡುತ್ತಿದ್ದೆ.

ನಾನು ಆ ಮನೆಗೆ ಕಿರಿಯ ಸೊಸೆಯಾಗಿ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಮಾವ ಆಗಲೇ ತೀರಿಹೋಗಿದ್ದರು. ಅತ್ತೆ, ಮೂವರು ಗಂಡುಮಕ್ಕಳು, ಮೂವರು ಸೊಸೆಯರು, ಇಬ್ಬರು ಓರಗಿತ್ತಿಯರ ಮಕ್ಕಳು, ಇಷ್ಟು ಜನ. ತೆಂಗಿನ ತೋಟ ಇತ್ತು, ಕೊಬ್ಬರಿ ವ್ಯಾಪಾರ ಇತ್ತು. ಹಳೆಯ ಹೆಂಚಿನ ಮನೆಯ ಜಂತೆಗಳಿಗೆಲ್ಲ ಗೆದ್ದಲು ಹಿಡಿದದ್ದರಿಂದ ಅದನ್ನು ನನ್ನ ಮದುವೆಗೆ ಮುಂಚೆಯೇ ಕೆಡವಿ, ಅದೇ ಜಾಗದಲ್ಲಿ ಹೊಸ ಮನೆಗೆ ಪಾಯ ಹಾಕಿದ್ದರು. ನಿಶ್ಚಿತಾರ್ಥದ ದಿನ ದೊಡ್ಡ ಭಾವ ನನ್ನ ಅಪ್ಪನಿಗೆ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ.

"ಹುಡ್ಗಿ ಬರೋ ಹೊತ್ಗೆ ಮೋಲ್ಡ್ ಆಗಿರ್ತದೆ ಬುಡಿ. ಅವಳ್ಗೇ ಅಂತ ಒಂದ್ ರೂಮ್ ಮಡಗಿದೀವಿ."

ಆ ರೂಮಿನ ಆಸೆ ನನಗೆ ಬಹಳವಿತ್ತು. ತವರಿನಲ್ಲಿ ನಾವು ನಾಲ್ವರು ಹೆಣ್ಣುಮಕ್ಕಳು ಒಂದೇ ಪಡಸಾಲೆಯಲ್ಲಿ ಸಾಲಾಗಿ ಮಲಗಿ ಬೆಳೆದವರು. ಬಾಗಿಲು ಹಾಕಿಕೊಂಡು ಒಳಗೆ ಒಬ್ಬಳೇ ಕೂರುವುದು ಹೇಗಿರುತ್ತದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಮದುವೆ ಗೊತ್ತಾದ ಮೇಲೆ ನಾನು ಸೀರೆ, ಒಡವೆಗಿಂತ ಹೆಚ್ಚಾಗಿ ಆ ಬಾಗಿಲನ್ನೇ ನೆನೆಸಿಕೊಂಡು ಖುಷಿಪಡುತ್ತಿದ್ದೆ. ಯಾರಿಗೂ ಹೇಳಲಿಲ್ಲ, ಹೇಳಿದ್ದರೆ ಅಕ್ಕಂದಿರು ನಗುತ್ತಿದ್ದರು.

ಮದುವೆಯಾಗಿ ಬಂದಾಗ ಗೋಡೆಗಳು ಪೂರ್ತಿ ಎದ್ದಿದ್ದವು. ಮೋಲ್ಡ್ ಮಾತ್ರ ಬಾಕಿ. ಅಲ್ಲಿಯವರೆಗೆ ಎಂದು ಎಲ್ಲರೂ ತೋಟದ ಅಂಚಿನ ಕೊಬ್ಬರಿ ಶೆಡ್ಡಿನಲ್ಲಿದ್ದರು. ಶೆಡ್ಡಿನ ಮೇಲ್ಭಾಗದಲ್ಲಿ ಉದ್ದಕ್ಕೂ ಅಟ್ಟ. ಅದರ ಮೇಲೆ ಮಟ್ಟೆ ಸಮೇತ ತೆಂಗಿನಕಾಯಿ ಸುರಿದಿರುತ್ತಾರೆ. ವರ್ಷದ ಹತ್ತಿರ ಮುಟ್ಟದೆ ಬಿಟ್ಟರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಆಮೇಲೆ ಇಳಿಸಿ, ಸುಲಿದು ತಿಪಟೂರಿನ ಮಾರ್ಕೆಟ್ಟಿಗೆ. ಅಟ್ಟದ ಕೆಳಗೆ ನಾವು. ನಮ್ಮ ನಮ್ಮ ಪಾಲಿನ ಜಾಗಕ್ಕೆ ಗೋಣಿಚೀಲ ಹೊಲಿದು ಮಾಡಿದ ಪರದೆ. ಮೇಲೆ ಇಲಿ ಓಡಿದರೆ ಕೆಳಗೆ ಹಾಸಿಗೆಯ ಮೇಲೆ ಮಟ್ಟೆಯ ಪುಡಿ ಉದುರುತ್ತಿತ್ತು. ಪರದೆಯ ಆಚೆ ದೊಡ್ಡ ಭಾವ ಕೆಮ್ಮಿದರೆ ಈಚೆ ನಾವು ಮಾತು ನಿಲ್ಲಿಸುತ್ತಿದ್ದೆವು. ಹೊಸದಾಗಿ ಮದುವೆಯಾದವರು ಜಗಳ ಆಡಬೇಕಾದರೂ ಪಂಪ್‌ಸೆಟ್ ಮನೆಯವರೆಗೆ ನಡೆದು ಹೋಗಬೇಕಾಗಿತ್ತು. ಅಷ್ಟು ದೂರ ಹೋಗುವಷ್ಟರಲ್ಲಿ ನನ್ನ ಸಿಟ್ಟು ಇಳಿದಿರುತ್ತಿತ್ತು, ಇಲ್ಲವೇ ಗಂಡನಿಗೆ ನೀರು ತಿರುಗಿಸುವ ಕೆಲಸ ನೆನಪಾಗುತ್ತಿತ್ತು. ಹೀಗಾಗಿ ಎಷ್ಟೋ ಜಗಳಗಳು ಮುಗಿಯದೆ ಹಾಗೇ ಉಳಿದವು.

ಇರಲಿ, ಮೋಲ್ಡಿನ ವಿಷಯಕ್ಕೆ ಬರುತ್ತೇನೆ. ಅಮ್ಮಸಂದ್ರದ ಕಡೆಯಿಂದ ಸಿಮೆಂಟು ತರಿಸಿ ಇಟ್ಟಿದ್ದರು. ಕಬ್ಬಿಣ ಬಂದಿತ್ತು. ಸೆಂಟ್ರಿಂಗಿನ ಹಲಗೆ, ಕಂಬಗಳು ಬಂದು ಅಂಗಳದಲ್ಲಿ ಬಿದ್ದಿದ್ದವು. ಅಷ್ಟರಲ್ಲಿ ದೊಡ್ಡ ಭಾವ, "ಅಮ್ಮನ್ನ ಒಂದ್ ಮಾತು ಕೇಳ್ಬುಡಾಣ" ಎಂದರು. ಅಮ್ಮ ಎಂದರೆ ನಮ್ಮ ಮನೆಯವರು ನಡೆದುಕೊಳ್ಳುವ ದೇವಿ. ನಮ್ಮ ಸೀಮೆಯಲ್ಲಿ ಬೋರ್ ಕೊರೆಸುವುದಿರಲಿ, ಹೆಣ್ಣು ಕೊಡುವುದಿರಲಿ, ಪಾಯ ತೆಗೆಯುವುದಿರಲಿ, ದೇವರ ಅಪ್ಪಣೆ ಕೇಳದೆ ಮುಂದುವರಿಯುವವರು ಕಡಿಮೆ. ದೇವರ ಉತ್ಸವಮೂರ್ತಿಯನ್ನು ಇಬ್ಬರು ಹಿಡಿದು ನಿಲ್ಲುತ್ತಾರೆ. ಮುಂದೆ ಹಲಗೆಯ ಮೇಲೆ ಹಿಟ್ಟು ಹರಡಿರುತ್ತದೆ. ಕೇಳುವವರು ತಮ್ಮ ಪ್ರಶ್ನೆಯನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ, ಮನಸ್ಸಿನಲ್ಲೇ ನೆನೆಸಿಕೊಳ್ಳಬೇಕು. ಹಿಡಿದವರ ಕೈಯಲ್ಲಿ ದೇವರು ತೂಗಾಡಿ, ಬಾಗಿ, ಹಿಟ್ಟಿನ ಮೇಲೆ ಉತ್ತರ ಬರೆಯುತ್ತದೆ. ಪೂಜಾರಿ ಅದನ್ನು ಎಲ್ಲರಿಗೂ ಕೇಳುವಂತೆ ಓದುತ್ತಾನೆ.

ಟೆಂಪೋ ಮಾಡಿಕೊಂಡು ಮನೆಮಂದಿಯೆಲ್ಲ ಹೋದೆವು. ದೊಡ್ಡ ಭಾವ ಟವೆಲ್ಲು ಸೊಂಟಕ್ಕೆ ಸುತ್ತಿಕೊಂಡು, ಕೈಮುಗಿದು, ಕಣ್ಣು ಮುಚ್ಚಿ ನಿಂತರು. ಬಹಳ ಹೊತ್ತು ನಿಂತರು. ಅಮ್ಮ ಹಿಟ್ಟಿನ ಮೇಲೆ ಬರೆದಳು. ಪೂಜಾರಿ "ತಡಿ ಅಂತವ್ಳೆ" ಎಂದ. ಅಷ್ಟೇ. ಮಾರನೆಯ ದಿನ ಮೇಸ್ತ್ರಿಗೆ ಬೇರೆ ಕೆಲಸ ನೋಡಿಕೋ ಎಂದರು. ಸೆಂಟ್ರಿಂಗಿನ ಸಾಮಾನು ಬಂದ ಲಾರಿಯಲ್ಲೇ ವಾಪಸು ಹೋಯಿತು.

ಎಷ್ಟು ದಿನ ತಡೆಯಬೇಕು ಎಂದು ಯಾರೂ ಕೇಳಲಿಲ್ಲ. ನಾನು ಗಂಡನನ್ನು ಕೇಳಿದೆ. "ಅಣ್ಣ ಕೇಳಿರೋದು, ಅಣ್ಣನೇ ತಿರ್ಗಾ ಕೇಳ್ಬೇಕು" ಎಂದರು. ಒಬ್ಬರು ಕೇಳಿದ್ದನ್ನು ಇನ್ನೊಬ್ಬರು ಹೋಗಿ ಕೇಳಿದರೆ ದೇವರನ್ನು ಪರೀಕ್ಷೆ ಮಾಡಿದಂತಂತೆ. ಹಾಗಾದರೆ ನಿಮ್ಮ ಅಣ್ಣನಿಗೆ ಹೇಳಿ, ಹೋಗಿ ಕೇಳಲಿ ಎಂದೆ. "ನಾನೆಂಗೆ ಹೇಳ್ಲಿ? ದೊಡ್ಡೋರು ಅವ್ರು." ಅತ್ತೆಯನ್ನು ಕೇಳಿದರೆ, "ಅವ್ನಿಗ್ ತಿಳೀದಾ? ಟೈಮ್ ಬಂದಾಗ ಕೇಳ್ತಾನೆ ಬುಡು" ಎಂದರು. ಅಂದರೆ ಮನೆಯ ಮೇಲೆ ತಾರಸಿ ಬೀಳಬೇಕಾದರೆ ಅಣ್ಣ ಬಾಯಿ ಬಿಡಬೇಕು, ಅಣ್ಣನ ಬಾಯಿ ಬಿಡಿಸುವವರು ಯಾರೂ ಇಲ್ಲ. ಆ ಮನೆಯಲ್ಲಿ ಎಲ್ಲರಿಗೂ ಎಲ್ಲರ ಮೇಲೂ ಗೌರವ. ಗೌರವಕ್ಕೆ ಸಿಕ್ಕಿಕೊಂಡು ಮನೆ ನಿಂತುಹೋಗಿತ್ತು.

ಮಳೆಗಾಲ ಬಂತು, ಹೋಯಿತು, ಮತ್ತೆ ಬಂತು. ಇಟ್ಟಿದ್ದ ಸಿಮೆಂಟು ಚೀಲದ ಸಮೇತ ಕಲ್ಲಾಯಿತು. ಅವನ್ನು ಅಂಗಳದಲ್ಲಿ ಸಾಲಾಗಿ ಜೋಡಿಸಿ ಮಕ್ಕಳು ಅಂಗಡಿ ಆಟ ಆಡಿದರು. ಕಬ್ಬಿಣಕ್ಕೆ ತುಕ್ಕು ಹಿಡಿಯಿತು. ಹಾಲ್ ಎಂದು ಗುರುತು ಮಾಡಿದ್ದ ಜಾಗದಲ್ಲಿ ಅತ್ತೆ ಬೂದುಗುಂಬಳದ ಬೀಜ ಹಾಕಿದರು. ಬಳ್ಳಿ ಗೋಡೆ ಹತ್ತಿ ದೇವರ ಮನೆಯೊಳಕ್ಕೆ ಇಳಿದು, ಅಲ್ಲೇ ಕಾಯಿ ಬಿಟ್ಟಿತು. ಆ ವರ್ಷ ಸಿಕ್ಕಸಿಕ್ಕವರಿಗೆಲ್ಲ ಕುಂಬಳಕಾಯಿ ಹಂಚಿದೆವು.

ನನ್ನ ರೂಮಿಗೂ ನಾಲ್ಕು ಗೋಡೆ ಇದ್ದವು. ಮಧ್ಯಾಹ್ನ ಊಟದ ಪಾತ್ರೆ ತೊಳೆದ ಮೇಲೆ ನಾನು ಒಂದೊಂದು ದಿನ ಅಲ್ಲಿಗೆ ಹೋಗಿ, ಇಟ್ಟಿಗೆಯ ಮೇಲೆ ಕೂತುಕೊಳ್ಳುತ್ತಿದ್ದೆ. ಒಂದು ದಿನ ಹಾಗೆ ಕೂತು ಅಳುತ್ತಿದ್ದಾಗ ಮೇಲಿನಿಂದ ಯಾರೋ, "ಯಾಕಕ್ಕ, ಉಷಾರಿಲ್ವಾ?" ಎಂದು ಕೇಳಿದರು. ತಲೆ ಎತ್ತಿ ನೋಡಿದರೆ ಕಾಯಿ ಕೀಳುವವನು ಮರದ ಮೇಲೆ ಕೂತಿದ್ದ. ಅಳುವುದು ಬಿಟ್ಟು ನಗು ಬಂತು. ಆಮೇಲೆ ಅವಮಾನವಾಯಿತು. ನಾಲ್ಕು ಗೋಡೆಯ ನಡುವೆ ಕೂತರೂ ಮರೆ ಅನ್ನುವುದಿಲ್ಲದ ಬಾಳು ಇದು ಎಂದು ಹೊಟ್ಟೆ ಉರಿದುಹೋಯಿತು. ಅವತ್ತಿನಿಂದ ಅಲ್ಲಿಗೆ ಹೋಗುವುದನ್ನೂ ಬಿಟ್ಟೆ.

ದೊಡ್ಡ ಭಾವ ಕೆಟ್ಟವರಲ್ಲ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಹಗುರಾಗಬಹುದಿತ್ತು. ಬೆಳಿಗ್ಗೆ ಎದ್ದರೆ ಹಾಲು ಹಾಕಿಸುವುದರಿಂದ ಹಿಡಿದು ಕೊಬ್ಬರಿ ಯಾವ ವಾರ ಮಾರಬೇಕು ಎಂಬುದರವರೆಗೆ ಎಲ್ಲ ತೀರ್ಮಾನವೂ ಅವರದೇ. ತಮ್ಮಂದಿರು "ನೀನ್ ಹೆಂಗೇಳಿದ್ರೆ ಹಂಗೆ ಕಣಣ್ಣ" ಎಂದು ಕೈಕಟ್ಟಿ ನಿಲ್ಲುವವರು. ಮನೆಯ ವಿಚಾರ ಬಂದರೆ ಮಾತ್ರ ಭಾವ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದುಹೋಗುತ್ತಿದ್ದರು. ನಾವು ಅದನ್ನು ಭಕ್ತಿ ಎಂದುಕೊಂಡಿದ್ದೆವು.

ಹೀಗೇ ಇನ್ನೂ ಎಷ್ಟು ಕಾಲ ಇರುತ್ತಿದ್ದೆನೋ. ಒಂದು ದಿನ ದೊಡ್ಡ ಭಾವ ಊಟಕ್ಕೆ ಕೂತಾಗ, "ಶೆಡ್ಡಿನ ನೆಲ ಕಿತ್ತೋಗೈತೆ. ಸಿಮೆಂಟ್ ಹಾಕ್ಸಿ, ಪರ್ದೆ ಬದ್ಲು ಶೀಟ್ ಹೊಡ್ಸ್ಬುಡಾಣ. ಎಲ್ರಿಗೂ ಅನುಕೂಲ" ಎಂದರು. ನಡುವಿನ ಭಾವ "ಒಳ್ಳೇದಾಯ್ತು" ಎಂದರು. ನನ್ನ ಗಂಡ ತಲೆಯಾಡಿಸಿದರು. ನಾನು ಸಾರು ಬಡಿಸುತ್ತಿದ್ದೆ. ಶೆಡ್ಡಿಗೆ ನೆಲ ಹಾಕಿಸುತ್ತಾರೆಂದರೆ ಶೆಡ್ಡೇ ಮನೆ ಎಂದಾಯಿತು. ಅಟ್ಟದ ಕಾಯಿಗಾದರೂ ವರ್ಷಕ್ಕೊಮ್ಮೆ ಇಳಿದು ಹೋಗುವ ಯೋಗವಿತ್ತು, ನಾನು ಅದರ ಕೆಳಗೇ ಮುದುಕಿಯಾಗುತ್ತೇನೆ ಅನಿಸಿತು.

ಮಾರನೆಯ ದಿನ ಅತ್ತೆಯ ಹತ್ತಿರ, "ತವರಿಗೆ ಹೋಗಿ ಬರ್ತೀನಿ, ದಾರೀಲಿ ಅಮ್ಮನ ಗುಡಿಗೂ ಹೋಗ್ತೀನಿ" ಎಂದೆ. ಅವರು ಅವರೆಕಾಯಿ ಬಿಡಿಸುತ್ತಿದ್ದರು. ಕೈ ನಿಲ್ಲಿಸಿ ನನ್ನ ಮುಖ ನೋಡಿದರು.

"ಏನ್ ಕೇಳಕ್ಕೆ?"

"ಮೋಲ್ಡ್ ವಿಚಾರ."

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಮೊರ ಪಕ್ಕಕ್ಕಿಟ್ಟು, "ಸೀರೆ ಬದ್ಲಾಯಿಸ್ಕಂಡ್ ಬತ್ತೀನಿ, ತಡಿ. ಒಬ್ಳೇ ಹೋಗ್ಬೇಡ" ಎಂದು ಒಳಗೆ ಹೋದರು. ಇಷ್ಟು ವರ್ಷ ಮುದುಕಿಗೂ ಕುಂಬಳ ಬಳ್ಳಿ ನೋಡಿ ನೋಡಿ ಸಾಕಾಗಿತ್ತು ಅಂತ ಅವತ್ತು ಗೊತ್ತಾಯಿತು.

ಗುಡಿಯಲ್ಲಿ ಸಾಲು ಇತ್ತು. ನಮ್ಮ ಸರದಿ ಬಂದಾಗ ಪೂಜಾರಿ, "ಮನ್ಸಲ್ಲಿ ನೆನ್ಸ್ಕಳಮ್ಮ" ಎಂದ. ನಾನು ಕಣ್ಣು ಮುಚ್ಚಲಿಲ್ಲ. ಮನಸ್ಸಿನಲ್ಲಿ ಇಟ್ಟುಕೊಂಡದ್ದೆಲ್ಲ ಏನಾಗುತ್ತದೆ ಎಂದು ನೋಡಿದ್ದೆ. ಗಟ್ಟಿಯಾಗಿ, ಹಿಂದೆ ನಿಂತವರಿಗೂ ಕೇಳುವಂತೆ, "ಅಮ್ಮಾ, ನಮ್ಮ ಮನೆಗೆ ಮೋಲ್ಡ್ ಹಾಕಬಹುದಾ?" ಎಂದೆ. ಸಾಲಿನಲ್ಲಿದ್ದ ಹೆಂಗಸರು ಕಿಸಕ್ಕೆಂದರು. ಪೂಜಾರಿ ಹುಬ್ಬು ಗಂಟಿಕ್ಕಿದ. ಅತ್ತೆ ನನ್ನ ಪಕ್ಕದಲ್ಲಿ ಕಂಬದಂತೆ ನಿಂತು, "ಕೇಳವ್ಳೆ, ಹೇಳು ತಾಯಿ" ಎಂದರು. ದೇವರು ತೂಗಾಡಿತು, ಬಾಗಿತು, ಬರೆಯಿತು. ಪೂಜಾರಿ ಹಲಗೆ ನೋಡಿ, "ಹಾಕು ಅಂತವ್ಳೆ, ಹೋಗಿ" ಎಂದ. ನನಗೆ ಅಲ್ಲೇ ಕಣ್ಣಲ್ಲಿ ನೀರು ಬಂತು. ತವರಿಗೆ ಹೋಗುವ ಮಾತು ಇಬ್ಬರಿಗೂ ಮರೆತೇಹೋಯಿತು, ಸಿಕ್ಕಿದ ಬಸ್ಸು ಹತ್ತಿ ಮನೆಗೆ ಬಂದೆವು.

ಸಂಜೆ ಕಾಫಿಯ ಹೊತ್ತಿಗೆ ಗಂಡಸರು ಮೂವರೂ ಶೆಡ್ಡಿನ ಮುಂದೆ ಕೂತಿದ್ದರು. ಓರಗಿತ್ತಿಯರು ಬಾಗಿಲಲ್ಲಿದ್ದರು. ಅತ್ತೆ ಪ್ರಸಾದ ಕೊಟ್ಟು, ಸುತ್ತಿಬಳಸದೆ ಹೇಳಿದರು.

"ಅಮ್ಮನ ಕೇಳ್ಕಂಡ್ ಬಂದ್ವಿ. ಮೋಲ್ಡ್ ಹಾಕು ಅಂದ್ಳು."

ದೊಡ್ಡ ಭಾವ ಲೋಟ ಕೆಳಗಿಟ್ಟರು. ಸಿಟ್ಟು ಬರುತ್ತದೆ ಎಂದು ನಾನು ಕಾದೆ. ಬರಲಿಲ್ಲ. ಅವರ ಮುಖದಲ್ಲಿ ಕಂಡದ್ದು ಭಯ.

"ಅವತ್ ನಿಂಗೆ ತಡಿ ಅಂದಿದ್ಳಲ್ಲ ಕಣಣ್ಣ, ಇವತ್ತು ಹಾಕು ಅಂದವ್ಳೆ. ಟೈಮ್ ಬಂತು ಅನ್ಸುತ್ತೆ" ಎಂದರು ನಡುವಿನ ಭಾವ.

"ನಾನ್ ಅವತ್ತು ಕೇಳಿದ್ದು ಮೋಲ್ಡ್ ವಿಚಾರ ಅಲ್ಲ ಕಣ್ಲಾ" ಎಂದರು ದೊಡ್ಡ ಭಾವ.

ಯಾರಿಗೂ ಅರ್ಥವಾಗಲಿಲ್ಲ. ಅತ್ತೆ, "ಮತ್ತೇನ್ ಕೇಳ್ದೆ?" ಎಂದರು.

"ಪಾಲು ಮಾಡ್ಬುಡ್ಲಾ ಅಂತ ಕೇಳ್ದೆ."

ಆಮೇಲೆ ನಿಧಾನವಾಗಿ ಎಲ್ಲವನ್ನೂ ಹೇಳಿದರು. ಮೋಲ್ಡ್ ಹಾಕುವ ಮೊದಲು ಮೇಸ್ತ್ರಿ ಅವರನ್ನು ಪಕ್ಕಕ್ಕೆ ಕರೆದು ಕೇಳಿದ್ದನಂತೆ: ಒಂದೇ ಮನೆಯಾಗಿ ಇರುತ್ತೀರೋ, ಮುಂದೆ ಮೂರು ಭಾಗ ಆಗುತ್ತೀರೋ? ಅಡಿಗೆ ಮನೆ ಒಂದೋ ಮೂರೋ, ಮೆಟ್ಟಿಲು ಎಲ್ಲಿ, ತೊಲೆ ಯಾವ ಗೋಡೆಯ ಮೇಲೆ ಕೂರಬೇಕು, ಎಲ್ಲ ಈಗಲೇ ಹೇಳಬೇಕು, ಮೋಲ್ಡ್ ಬಿದ್ದ ಮೇಲೆ ನನ್ನ ಕೈಲಿ ಏನೂ ಇಲ್ಲ, ಎಂದು. ಎಲ್ಲರ ತೀರ್ಮಾನ ಹೊತ್ತು ಹೊತ್ತು ಭಾವನಿಗೆ ಸುಸ್ತಾಗಿತ್ತು. ಬೇರೆಯಾಗಿಬಿಟ್ಟರೆ ಅವರವರದು ಅವರವರು ನೋಡಿಕೊಳ್ಳುತ್ತಾರೆ ಅನಿಸಿತ್ತು. ಆದರೆ ಮನೆಯಲ್ಲಿ ಅದನ್ನು ಬಾಯಲ್ಲಿ ಆಡುವುದು ಹೇಗೆ? ಅದಕ್ಕೇ ದೇವರನ್ನು ಕೇಳಿದರು. ದೇವರು ತಡಿ ಎಂದಿತು. ಪಾಲು ತಡೆದರು. ಪಾಲಿನ ತೀರ್ಮಾನ ಇಲ್ಲದೆ ಮೋಲ್ಡ್ ಹೇಗೆ ಹಾಕುವುದೆಂದು ಅದನ್ನೂ ತಡೆದರು. ಮತ್ತೆ ಹೋಗಿ ಕೇಳಿದರೆ ಈ ಸಲ ಮಾಡು ಎಂದುಬಿಟ್ಟರೆ ಮನೆಯಲ್ಲಿ ಆ ಮಾತು ಆಡಲೇಬೇಕಾಗುತ್ತದಲ್ಲ ಎಂದು ಹೋಗಲೇ ಇಲ್ಲ. ನಾವು ನಮ್ಮಷ್ಟಕ್ಕೆ ತಾರಸಿಯನ್ನೇ ಕೇಳಿದರು ಎಂದುಕೊಂಡು ಕುಂಬಳಕಾಯಿ ತಿಂದುಕೊಂಡು ಕೂತಿದ್ದೆವು.

"ನನ್ನ ಒಂದ್ ಮಾತು ಕೇಳ್ಬೋದಿತ್ತಲ್ಲಪ್ಪ" ಎಂದರು ಅತ್ತೆ.

ನನಗೆ ಆ ಹೊತ್ತಿಗೆ ಯಾರ ಮೇಲೂ ಕರುಣೆ ಬರಲಿಲ್ಲ. ಒಬ್ಬ ಮನುಷ್ಯ ಒಂದು ಮಾತು ಆಡಲು ಹೆದರಿದ್ದಕ್ಕೆ ನನ್ನ ಮದುವೆಯ ಹೊಸ ವರ್ಷಗಳೆಲ್ಲ ಗೋಣಿಚೀಲದ ಹಿಂದೆ ಕಳೆದಿದ್ದವು. ಅದನ್ನೇ ಹೇಳಬೇಕೆಂದು ಬಾಯಿ ತೆಗೆಯುವಷ್ಟರಲ್ಲಿ ದೊಡ್ಡ ಭಾವ ನನ್ನ ಕಡೆ ತಿರುಗಿದರು.

"ಹಾಕು ಅಂದವ್ಳಲ್ಲ ಅಮ್ಮ, ಹಾಕಾಣ. ಹೆಂಗ್ ಹಾಕಾಣ? ಒಂದ್ ಒಲೇನಾ, ಮೂರಾ? ಕೇಳ್ಕಂಡ್ ಬಂದೋಳು ನೀನು. ನೀನೇ ಹೇಳಮ್ಮ."

ಆ ಮನೆಗೆ ಬಂದ ಮೇಲೆ ನನ್ನನ್ನು ಯಾರಾದರೂ ಒಂದು ತೀರ್ಮಾನ ಕೇಳಿದ್ದು ಅದೇ ಮೊದಲು. ಕೇಳಿದ್ದು ಇದನ್ನು. ನಾನು ಗಂಡನ ಮುಖ ನೋಡಿದೆ. ಅವರು ತೋಟದ ಕಡೆ ನೋಡುತ್ತಿದ್ದರು. ನಡುವಿನ ಭಾವ ಕಾಫಿ ಲೋಟದ ತಳ ನೋಡುತ್ತಿದ್ದರು. ಬಾಗಿಲಲ್ಲಿ ಓರಗಿತ್ತಿಯರು ನನ್ನನ್ನೇ ನೋಡುತ್ತಿದ್ದರು. ಅವರಿಗೆ ಬೇಕಾದ ಉತ್ತರ ಯಾವುದು ಎಂದು ನನಗೆ ಗೊತ್ತಿತ್ತು. ನೀರಿನ ಹತ್ತಿರ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಇಬ್ಬರೂ ಬೇರೆ ಬೇರೆಯಾಗಿ, ತಮ್ಮದೇ ಒಲೆ ಇದ್ದಿದ್ದರೆ ಎಂದು ನನ್ನ ಕಿವಿಯಲ್ಲಿ ಹೇಳಿಕೊಂಡಿದ್ದರು. ಒಂದು ಎಂದರೆ ಎಲ್ಲವೂ ಮತ್ತೆ ಭಾವನ ಟವೆಲ್ಲಿನ ಗಂಟಿಗೆ ಹೋಗುತ್ತದೆ, ಇನ್ನೊಂದು ಅನುಮಾನ ಬಂದು ಮತ್ತೆ ನಿಲ್ಲುತ್ತದೆ. ಮೂರು ಎಂದರೆ ಆ ಮಾತು ಆಡಿದವಳು ನಾನಾಗುತ್ತೇನೆ. ಸುಮ್ಮನಿದ್ದರೆ ನಾಳೆ ಶೆಡ್ಡಿಗೆ ಸಿಮೆಂಟು ಬರುತ್ತದೆ.

"ಮೂರು" ಎಂದೆ.

ಯಾರೂ ಬೇಡ ಎನ್ನಲಿಲ್ಲ. ಅತ್ತೆ ಎದ್ದು ಒಳಗೆ ಹೋದರು. ನಡುವಿನ ಭಾವ ಬೆಳಿಗ್ಗೆ ಎದ್ದವರೇ ಮೇಸ್ತ್ರಿಯನ್ನು ಹುಡುಕಿಕೊಂಡು ಚಿಕ್ಕನಾಯಕನಹಳ್ಳಿಯ ಕಡೆ ಹೋದರು. ಅಷ್ಟು ಚುರುಕಾಗಿ ಅವರು ಬಸ್ಸು ಹತ್ತಿದ್ದನ್ನು ನಾನು ಮೊದಲು ನೋಡಿರಲಿಲ್ಲ. ದೊಡ್ಡ ಭಾವನಂತೂ ಹೆಗಲ ಮೇಲಿನ ಮೂಟೆ ಇಳಿಸಿದವರ ಹಾಗೆ ಮಕ್ಕಳ ಜೊತೆ ನಗುತ್ತ ಓಡಾಡಿದರು.

ಬಳ್ಳಿ ಕಿತ್ತರು. ಎರಡು ಗೋಡೆ ಒಡೆದು ಮೂರು ಹೊಸದಾಗಿ ಕಟ್ಟಿದರು. ಮೋಲ್ಡಿನ ದಿನ ಮಿಕ್ಸರ್ ಮೆಷಿನ್ನು ಬೆಳಗಿನಿಂದ ಗಡಗಡ ಎನ್ನುತ್ತಿತ್ತು, ಬಾಂಡ್ಲಿ ಕೈಯಿಂದ ಕೈಗೆ ಏರುತ್ತಿತ್ತು. ಅತ್ತೆ ಕೆಲಸದವರಿಗೆ ಪಾಯಸ ಮಾಡಿಸಿದರು. ಆಮೇಲೆ ನೀರು ಕಟ್ಟುವುದು, ಗಾರೆ, ನೆಲ. ನನ್ನ ರೂಮಿಗೆ ಹಲಸಿನ ಮರದ ಬಾಗಿಲು ಕೂತಿತು. ಬಡಗಿ ಚಿಲಕ ಹೊಡೆಯುವಾಗ ನಾನು ಪಕ್ಕದಲ್ಲೇ ನಿಂತು ನೋಡಿದೆ.

ಗೃಹಪ್ರವೇಶಕ್ಕೆ ನೆಂಟರೆಲ್ಲ ಬಂದರು. ನಾನು ಹೊಸ ಸೀರೆ ಉಟ್ಟು, ಪಡಸಾಲೆಯಲ್ಲಿ ಎಲೆ ಅಡಿಕೆ ತಟ್ಟೆ ಹಿಡಿದು ನಿಂತಿದ್ದೆ. ದೊಡ್ಡ ಭಾವನ ಸೋದರತ್ತೆ, ಹಣ್ಣುಹಣ್ಣು ಮುದುಕಿ, ಮನೆಯನ್ನೆಲ್ಲ ಸುತ್ತಿ ನೋಡಿ ಬಂದು ನಡುವೆ ನಿಂತು ಕೇಳಿದರು.

"ಅಲ್ಲ ಕಣಪ್ಪ, ಒಂದೇ ತಾಯ್ ಮಕ್ಳು, ಒಂದೇ ಮನೆ. ಮೂರ್ ಒಲೆ ಯಾಕ್ ಹಾಕ್ಸ್ದೆ?"

ಪಡಸಾಲೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನ್ನ ಗಂಡ ಅಲ್ಲೇ ಇದ್ದರು. ನಡುವಿನ ಭಾವ ಅಲ್ಲೇ ಇದ್ದರು. ಓರಗಿತ್ತಿಯರು ಬಳೆ ಸರಿಮಾಡಿಕೊಂಡರು. ದೊಡ್ಡ ಭಾವ ಟವೆಲ್ಲಿನಿಂದ ಮುಖ ಒರೆಸಿಕೊಂಡು, ನಾನು ಅಲ್ಲಿರುವುದನ್ನು ಕಂಡೂ, ಮೆಲ್ಲಗೆ ಹೇಳಿದರು.

"ನಾನೆಲ್ಲಿ ಹಾಕ್ಸ್ದೆ ಅತ್ತೆ. ಚಿಕ್ಕೋಳು ಆಸೆಪಟ್ಳು. ಬೇಡ ಅನ್ನಕ್ಕಾಯ್ತದಾ."

ಮುದುಕಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ತಟ್ಟೆಯಿಂದ ಎಲೆ ಅಡಿಕೆ ತೆಗೆದುಕೊಂಡರು. ನಾನು ತಟ್ಟೆಯನ್ನು ಕಿಟಕಿಯ ಮೇಲಿಟ್ಟು, ನನ್ನ ರೂಮಿಗೆ ಹೋಗಿ ಬಾಗಿಲು ಹಾಕಿ ಚಿಲಕ ಹಾಕಿಕೊಂಡೆ. ಒಳಗಿನಿಂದ ಆ ಚಿಲಕ ಹಾಕಿದ್ದು ಅವತ್ತೇ ಮೊದಲು. ಹೊರಗೆ ನನ್ನ ಹೆಸರು ಹಿಡಿದು ಮಾತಾಡುತ್ತಿದ್ದದ್ದು ಒಂದೊಂದೂ ಕೇಳಿಸುತ್ತಿತ್ತು.